ಟೈಲರ್ ಪ್ರಭುದೇವನ ಹಣೆಯ ಹಿಂದೆ

ತುಮಕೂರಿನ ಶಿರಾ ಗೇಟ್ ಹತ್ತಿರ, ಔಷಧಿ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಇಕ್ಕಟ್ಟಿನ ಮಳಿಗೆಯಲ್ಲಿ ಪ್ರಭುದೇವ ಹೆಂಗಸರ ಬಟ್ಟೆ ಹೊಲಿಯುತ್ತಿದ್ದ. ಹುಟ್ಟೂರು ಗುಬ್ಬಿ. ಅಲ್ಲಿ ದಾಸಯ್ಯನೆಂಬ ಹಳೆಯ ಟೈಲರ್ ಹತ್ತಿರ ಕಾಜಾ ಹಾಕುವುದರಿಂದ ಹಿಡಿದು ಕಟಿಂಗ್‌ವರೆಗೆ ಕಲಿತು, ಕರಿಬಸಮ್ಮನನ್ನು ಮದುವೆಯಾದ ಮೇಲೆ ತುಮಕೂರಿಗೆ ಬಂದು ಸ್ವಂತ ಅಂಗಡಿ ಹಾಕಿದ್ದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಅಂಗಡಿಯ ಬಾಗಿಲು ತೆಗೆಯುವುದು ಅವನ ರೂಢಿ.

ಹೆಂಗಸರು ಅವನನ್ನು ನಂಬಿದ್ದಕ್ಕೆ ಅವನ ಕೈಗುಣದಷ್ಟೇ ಅವನ ನಡತೆಯೂ ಕಾರಣ. ಅಳತೆ ತೆಗೆಯುವ ಕೆಲಸ ಯಾವಾಗಲೂ ಕರಿಬಸಮ್ಮನದು. ಪರದೆಯ ಹಿಂದೆ ಟೇಪು ಹಿಡಿದು ಅವಳು ಅಂಕಿ ಕೂಗುತ್ತಿದ್ದರೆ, ಇವನು ಗೋಡೆಯ ಕಡೆ ಮುಖ ಮಾಡಿ ನಿಂತು ಬಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮಾತು ಕಡಿಮೆ. ಎಲ್ಲರನ್ನೂ ‘ತಾಯಿ’ ಎಂದೇ ಕರೆಯುತ್ತಿದ್ದ, ಲಂಗ ಹೊಲಿಸಲು ಬರುವ ಪುಟ್ಟ ಹುಡುಗಿಯರನ್ನು ಕೂಡ. ತಾಯಂದಿರು ಕಾಲೇಜು ಸೇರಿದ ಮಗಳನ್ನು ಒಬ್ಬಳನ್ನೇ ಕಳಿಸಲು ಹಿಂಜರಿಯದಿದ್ದ ಅಂಗಡಿ ಅದು.

ಅವನು ಬದಲಾದದ್ದು ಯಾವಾಗಿನಿಂದ ಎಂದು ಆಮೇಲೆ ಡಾಕ್ಟರು ಕೇಳಿದಾಗ ಕರಿಬಸಮ್ಮನಿಗೆ ಇಂಥ ದಿನವೆಂದು ಹೇಳಲು ಆಗಲಿಲ್ಲ. ಐವತ್ತೈದು ದಾಟಿತ್ತು, ಅಷ್ಟು ಗೊತ್ತು. ಒಂದು ದಿನ ಪೂಜೆ ಮಾಡದೆ ಹೊರಟ. ಕೇಳಿದರೆ ‘ಸಾಕು ಬಿಡೆ’ ಎಂದ. ಇನ್ನೊಂದು ದಿನ ಗಿರಾಕಿಯೊಬ್ಬಳ ಮುಖಕ್ಕೇ ‘ನೀನು ಎಮ್ಮೆ ಆದಂಗೆ ಆಗಿದೀಯ, ಇದೆಲ್ಲಿ ಹಿಡಿಸ್ತದೆ’ ಎಂದು ಗಹಗಹಿಸಿ ನಕ್ಕ. ಜೀವಮಾನವೆಲ್ಲ ಸಿಹಿ ಕಂಡರೆ ದೂರ ಸರಿಯುತ್ತಿದ್ದವನು ಡಬ್ಬಕ್ಕೆ ಕೈ ಹಾಕಿ ಸಕ್ಕರೆ ಮುಕ್ಕತೊಡಗಿದ. ಮಗಳು ಸಿಂಚನಾಳ ಮದುವೆಯಲ್ಲಿ ಬೀಗರಿಗಿಂತ ಮೊದಲೇ ಪಂಕ್ತಿಯಲ್ಲಿ ಕುಳಿತು, ಪಕ್ಕದವರ ಎಲೆಯಿಂದ ಲಾಡು ಎತ್ತಿಕೊಂಡು ತಿಂದ. ಧಾರೆ ಎರೆಯುವಾಗ ಕರಿಬಸಮ್ಮ ಬಿಕ್ಕುತ್ತಿದ್ದರೆ ಅವನು ಆಕಳಿಸಿದ. ಸಿಂಚನಾ ಅದನ್ನು ನೋಡಿದಳು. ಗಂಡನ ಮನೆ ಇದ್ದದ್ದು ಅದೇ ತುಮಕೂರಿನಲ್ಲಿ, ಅವಳ ಕೆಲಸವೂ ಊರಂಚಿನ ಸತ್ಯಮಂಗಲದ ಒಂದು ಕಂಪನಿಯ ಆಫೀಸಿನಲ್ಲಿ. ಆದರೂ ಆಮೇಲೆ ತವರಿಗೆ ಬರುವುದು ಕಡಿಮೆಯಾಯಿತು.

ಕುಡಿತ ಕಲಿತಿದ್ದಾನೆ ಅಂದರು ಕೆಲವರು. ಯಾರೋ ಹೆಂಗಸಿನ ಸಹವಾಸ ಅಂದರು ಇನ್ನು ಕೆಲವರು. ಕರಿಬಸಮ್ಮ ಅವನ ಬಾಯಿ ಮೂಸಿ ನೋಡಿದಳು, ಜೇಬು ತಡಕಿದಳು. ಸಿಕ್ಕಿದ್ದು ಬರೀ ಪೆಪ್ಪರಮೆಂಟಿನ ಕಾಗದ.

ನಂದಿತಾಳ ಪ್ರಸಂಗ ನಡೆದದ್ದು ಆ ಮೇಲೆ. ನಂದಿತಾ ಹೈಸ್ಕೂಲಿನಿಂದಲೂ ಇವರ ಅಂಗಡಿಯಲ್ಲೇ ಹೊಲಿಸಿದವಳು. ಕುಣಿಗಲ್‌ಗೆ ಮದುವೆಯಾಗಿ ಹೋಗಿ, ಅಲ್ಲೇ ಶಾಲೆಯೊಂದರಲ್ಲಿ ಟೀಚರಾಗಿದ್ದರೂ ಬ್ಲೌಸ್ ಹೊಲಿಸಲು ತುಮಕೂರಿಗೇ ಬರುತ್ತಿದ್ದಳು. ತಮ್ಮನ ಮದುವೆಗೆಂದು ಹೊಲಿಸಿದ್ದ ಬ್ಲೌಸ್ ಹಾಕಿ ನೋಡಲು ಬಂದ ದಿನ ಕರಿಬಸಮ್ಮ ಲೈನಿಂಗ್ ಬಟ್ಟೆ ತರಲು ರಸ್ತೆಯಾಚೆ ಹೋಗಿದ್ದಳು. ವಾಪಸು ಬರುವಾಗ ಅಂಗಡಿ ಮುಂದೆ ಜನ ಕಿಕ್ಕಿರಿದಿದ್ದರು. ನಂದಿತಾ ಸೆರಗನ್ನು ಎರಡೂ ಕೈಯಲ್ಲಿ ಕತ್ತಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ನಡುಗುತ್ತ ನಿಂತಿದ್ದಳು. ಪ್ರಭುದೇವ ಪರದೆ ಸರಿಸಿ ಒಳಗೆ ಹೋಗಿ ಅವಳ ಎದೆಗೆ ಕೈ ಹಾಕಿದ್ದ. ಅವಳು ಚೀರಿದರೆ ನಕ್ಕಿದ್ದ.

ಜನ ಅವನನ್ನು ಬೀದಿಗೆಳೆದು ಹೊಡೆದರು. ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಅವನು ಅಳಲಿಲ್ಲ, ಕೈಮುಗಿಯಲಿಲ್ಲ. ಹೆಂಡತಿಯನ್ನು ನೋಡಿ, ‘ಊಟ ತಂದಾ?’ ಎಂದ. ಎಂಥ ಭಂಡ ನನ್ಮಗ ಎಂದು ಜನ ಇನ್ನೆರಡು ಬಿಟ್ಟರು.

ಅವತ್ತು ಮನೆಗೆ ಬಂದ ಮೇಲೆ ಕರಿಬಸಮ್ಮ ಕದ ಹಾಕಿಕೊಂಡು, ಕಟಿಂಗಿಗೆಂದು ಮನೆಯಲ್ಲೂ ಇಟ್ಟಿದ್ದ ಮರದ ಸ್ಕೇಲು ಮುರಿಯುವವರೆಗೆ ಅವನಿಗೆ ಹೊಡೆದಳು. ‘ನನ್ನ ಮುಖಕ್ಕೆ ಮಸಿ ಬಳಿದ್ರಲ್ರೀ, ಆ ಮಗಿನ ಮೇಲೆ ಕೈ ಹಾಕೋಕೆ ಹೆಂಗ್ ಮನಸು ಬಂತು ನಿಮಗೆ’ ಎಂದು ಕೂಗುತ್ತ ಹೊಡೆದಳು. ಅವನು ಏಟು ಬಿದ್ದ ಕಡೆ ಉಜ್ಜಿಕೊಳ್ಳುತ್ತ ಅಡುಗೆಮನೆಗೆ ಹೋಗಿ ಬೆಲ್ಲದ ಡಬ್ಬ ತೆಗೆದ. ವಿಷಯ ಗೊತ್ತಾಗಿ ಸಿಂಚನಾ ಫೋನ್ ಮಾಡಿದಳು. ‘ಅಮ್ಮಾ, ಇನ್ಮೇಲೆ ಆಯಪ್ಪನ ಸುದ್ದಿ ನನ್ಹತ್ರ ಎತ್ಬೇಡ’ ಎಂದು ಇಟ್ಟುಬಿಟ್ಟಳು. ಅಪ್ಪ ಎನ್ನಲಿಲ್ಲ.

ಅಂಗಡಿ ಮುಚ್ಚಿತು. ನೆಂಟರು ಹೇಳಿದರೆಂದು ಕರಿಬಸಮ್ಮ ಅವನನ್ನು ಮನೋವೈದ್ಯರೊಬ್ಬರಿಗೆ ತೋರಿಸಿದಳು. ತಲೆ ಕೆಟ್ಟಿದೆ ಎಂದು ಅವರು ಕೊಟ್ಟ ಮಾತ್ರೆಗೆ ಅವನ ಕೈಕಾಲು ಮರಗಟ್ಟಿದವು, ಬಾಯಿಂದ ಜೊಲ್ಲು ಇಳಿಯಿತು. ಇನ್ನೊಬ್ಬರು ಇದು ಮರೆವಿನ ಕಾಯಿಲೆ ಎಂದು ಬೇರೆ ಮಾತ್ರೆ ಸೇರಿಸಿದರು. ಅದಕ್ಕೆ ಅವನು ಕೂತಲ್ಲಿ ಕೂರದೆ, ಮರಗಟ್ಟಿದ ಕಾಲಲ್ಲೇ ಮನೆಯೆಲ್ಲ ಸುತ್ತತೊಡಗಿದ. ಎಂಆರ್‌ಐ ಮಾಡಿಸಿದರೆ ಎಲ್ಲ ವಯಸ್ಸಿಗೆ ತಕ್ಕಂತಿದೆ ಎಂದು ಬಂತು. ‘ಏನೂ ಇಲ್ವಂತೆ’ ಎಂದು ಕರಿಬಸಮ್ಮ ಹಲ್ಲು ಕಚ್ಚಿದಳು. ಏನೂ ಇಲ್ಲವೆಂದ ಮೇಲೆ ಎಲ್ಲ ಬೇಕೆಂದೇ ಮಾಡಿದ್ದು.

ಒಂದು ದಿನ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡ. ಹೊಲಿಗೆ ಹಾಕಿದ ಆಸ್ಪತ್ರೆಯವರು ನರರೋಗದ ಡಾಕ್ಟರ್ ಗಂಗಹನುಮಯ್ಯನವರ ಹತ್ತಿರ ಕಳಿಸಿದರು. ಅವರು ಮಾತ್ರೆಯ ಚೀಟಿಗಳನ್ನು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, ‘ಇವ್ರು ಮೊದ್ಲು ಹೆಂಗಿದ್ರಮ್ಮ?’

ಅಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕರಿಬಸಮ್ಮ ಹೇಳಲು ಹೊರಟಳು. ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದದ್ದನ್ನು ಹೇಳುವಷ್ಟರಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಕಾದರು. ಆಮೇಲೆ ಸಿಹಿ ತಿನ್ನೋದು ಜಾಸ್ತಿಯಾಗಿದೆಯಾ, ಸಾವು ನೋವಿಗೆ ಅಳ್ತಾರಾ, ದಾರಿ ಗುರುತು ಹಿಡೀತಾರಾ ಎಂದೆಲ್ಲ ಕೇಳಿದರು.

‘ದಾರಿ ಎಲ್ಲ ಗೊತ್ತು ಸಾರ್. ನಾಚ್ಕೆ ಒಂದು ಗೊತ್ತಿಲ್ಲ’ ಎಂದಳು.

‘ನನಗೊಂದು ಅನುಮಾನ ಐತೆ. ಪೆಟ್ ಸ್ಕ್ಯಾನ್ ಅಂತ ಮಾಡಿಸ್ಬೇಕು, ಬೆಂಗಳೂರಲ್ಲಿ. ಎಂಆರ್‌ಐ ಮಿದುಳಿನ ಆಕಾರ ತೋರಿಸ್ತದೆ. ಇದು ಮಿದುಳು ಕೆಲಸ ಮಾಡ್ತಾ ಐತೋ ಇಲ್ವೋ ಅನ್ನೋದನ್ನ ತೋರಿಸ್ತದೆ. ಮಿದುಳಿಗೆ ಊಟ ಅಂದ್ರೆ ಸಕ್ಕರೆ. ಗುರುತು ಹಾಕಿರೋ ಸಕ್ಕರೆನ ರಕ್ತಕ್ಕೆ ಬಿಟ್ಟು, ಯಾವ ಭಾಗ ತಗೊಳ್ತು, ಯಾವ ಭಾಗ ತಗೊಳ್ಳಲಿಲ್ಲ ಅಂತ ನೋಡ್ತಾರೆ. ಅದು ಗೊತ್ತಾದ್ರೆ ಇವ್ರಿಗೆ ಯಾವ ಔಷಧಿ ಬೇಕು, ಯಾವುದು ಬೇಡ ಅನ್ನೋದು ಗೊತ್ತಾಗ್ತದೆ. ಒಂದೇ ಕಷ್ಟ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಕೊಡಂಗಿಲ್ಲ.’

ಬೆಂಗಳೂರಿಗೆ ಅವನನ್ನು ಒಬ್ಬಳೇ ಕರೆದೊಯ್ಯಲು ಕರಿಬಸಮ್ಮನಿಂದ ಆಗುವಂತಿರಲಿಲ್ಲ. ಸಿಂಚನಾಳನ್ನು ಬೇಡಿಕೊಂಡಳು. ಅವಳು ಬಂದಳು, ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಹಿಂದೆ ತಿರುಗಿ ನೋಡಲಿಲ್ಲ. ಸ್ಕ್ಯಾನ್ ಸೆಂಟರಿನಲ್ಲಿ ಹೆಸರು ಬರೆಸುವಷ್ಟು ಹೊತ್ತಿನಲ್ಲಿ ಪ್ರಭುದೇವ ಪಕ್ಕದ ಕುರ್ಚಿಯವರ ಚೀಲಕ್ಕೆ ಕೈ ಹಾಕಿ ಮೈಸೂರ್ ಪಾಕಿನ ಪೊಟ್ಟಣ ಬಿಚ್ಚಿ ಬಾಯಿಗೆ ತುರುಕಿಕೊಂಡಿದ್ದ. ಬೆರಳು ಚುಚ್ಚಿ ನೋಡಿದ ನರ್ಸು, ‘ಶುಗರ್ ಮೇಲೆ ಹೋಗಿದೆ, ಇವತ್ತು ಆಗಲ್ಲ’ ಎಂದಳು.

‘ನೋಡಿದ್ಯೇನಮ್ಮ! ಬೇಕಂತ್ಲೇ ಮಾಡೋದು ಈಯಪ್ಪ. ನಮ್ಮನ್ನ ಅಳಿಸೋದ್ರಲ್ಲಿ ಅದೇನು ಖುಷಿಯೋ’ ಎಂದು ಸಿಂಚನಾ ಎಲ್ಲರೆದುರಿಗೆ ಕಿರುಚಿದಳು. ಕರಿಬಸಮ್ಮನಿಗೂ ಅದೇ ಅನ್ನಿಸಿತು. ಆದರೂ ಕಾಲ ಬಳಿ ಬಿದ್ದಿದ್ದ ಪುಡಿಯನ್ನು ಅವನು ಒಂದೊಂದಾಗಿ ಆರಿಸಿಕೊಂಡು ತಿನ್ನುತ್ತಿದ್ದದ್ದನ್ನು ಕಂಡಾಗ ಅನುಮಾನ ಹುಟ್ಟಿತು. ಬೇಕೆಂದು ಮಾಡುವ ಮನುಷ್ಯ ಹೀಗೆ ನೆಲ ನೆಕ್ಕುತ್ತಾನೆಯೇ?

ಮುಂದಿನ ವಾರ ಮತ್ತೆ ಹೋದರು. ಈ ಸಲ ಕರಿಬಸಮ್ಮ ಅವನ ಕೈಯನ್ನು ತನ್ನ ಸೆರಗಿನ ತುದಿಯಿಂದ ತನ್ನ ಕೈಗೇ ಕಟ್ಟಿಕೊಂಡಿದ್ದಳು. ತಾನೂ ಒಂದು ಗುಟುಕು ಕಾಫಿ ಕುಡಿಯಲಿಲ್ಲ. ಸೂಜಿ ಕೊಡುವ ಮೊದಲು ಟೆಕ್ನಿಶಿಯನ್ ಬಂದು, ‘ಇಂಜೆಕ್ಷನ್ ಆದ ಮೇಲೆ ಇವತ್ತೊಂದು ದಿನ ಪೇಷಂಟ್ ಮೈಯಿಂದ ಸ್ವಲ್ಪ ವಿಕಿರಣ ಬರ್ತಿರುತ್ತೆ. ಜೊತೆಗಿರೋರಲ್ಲಿ ಯಾರಾದ್ರೂ ಗರ್ಭಿಣಿ ಇದೀರಾ?’ ಎಂದು ಕೇಳಿದ.

ಇಲ್ಲ ಎನ್ನಲು ಕರಿಬಸಮ್ಮ ಬಾಯಿ ತೆರೆದಿದ್ದಳು.

‘ನಾನು’ ಎಂದಳು ಸಿಂಚನಾ, ನೆಲ ನೋಡುತ್ತ.

ಮಗಳು ಬಸುರಿಯೆಂಬುದು ತಾಯಿಗೆ ತಿಳಿದದ್ದು ಹಾಗೆ, ಯಾರೋ ಅಪರಿಚಿತನ ಪ್ರಶ್ನೆಗೆ ಕೊಟ್ಟ ಉತ್ತರದಿಂದ. ಸಿಂಚನಾ ಎದ್ದು ಕಾರಿಡಾರಿನ ಆ ತುದಿಗೆ ಹೋಗಿ ಕುಳಿತಳು. ಸೂಜಿ ಹಾಕಿಸಿಕೊಂಡ ಮೇಲೆ ಅವನು ಅರೆಗತ್ತಲ ಕೋಣೆಯಲ್ಲಿ ಮಾತಿಲ್ಲದೆ ಕೂರಬೇಕಿತ್ತು. ಕೂರಿಸಲು ಬೇರೆ ದಾರಿಯಿಲ್ಲವೆಂದು ಅವರು ಕರಿಬಸಮ್ಮನನ್ನು ಕೋಣೆಯ ಬಾಗಿಲ ಬಳಿ ನಿಲ್ಲಲು ಬಿಟ್ಟರು. ಅವನು ಏಳಹೊರಟಾಗಲೆಲ್ಲ ಅವಳು ಕೈಸನ್ನೆ ಮಾಡಿ ಕೂರಿಸಿದಳು. ಆ ಇಡೀ ಹೊತ್ತು ಅವನು ಅವಳ ಮುಖವನ್ನು ನೋಡಿದ, ಅಂಗಡಿ ಬೀದಿಯಲ್ಲಿ ಹೋಗುವವರನ್ನು ನೋಡುವ ಹಾಗೆ.

ವರದಿ ಬಂದ ಮೇಲೆ ಡಾಕ್ಟರ್ ಗಂಗಹನುಮಯ್ಯ ಕಂಪ್ಯೂಟರ್ ಪರದೆಯನ್ನು ತಾಯಿ ಮಗಳ ಕಡೆ ತಿರುಗಿಸಿದರು. ಮಿದುಳಿನ ಹಿಂಭಾಗವೆಲ್ಲ ಕೆಂಪು ಹಳದಿಯಾಗಿ ಉರಿಯುತ್ತಿತ್ತು. ಹಣೆಯ ಹಿಂದಿನ ಭಾಗ ನೀಲಿಗಟ್ಟಿತ್ತು, ನಡುನಡುವೆ ಕಪ್ಪು.

‘ಕೆಂಪು ಇರೋ ಕಡೆ ಸಕ್ಕರೆ ತಗೊಂಡು ಕೆಲಸ ಮಾಡ್ತಾ ಐತೆ. ಇಲ್ಲಿ, ಮುಂದೆ, ತಗೊಳ್ತಾನೇ ಇಲ್ಲ. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಅಂತಾರೆ ಇದನ್ನ. ಇದು ಮರೆವಿನ ಕಾಯಿಲೆ ಅಲ್ಲ, ಹುಚ್ಚೂ ಅಲ್ಲ. ನಾಚಿಕೆ, ಮರ್ಯಾದೆ, ಇನ್ನೊಬ್ರ ನೋವು ನೋಡಿ ಅಯ್ಯೋ ಅನ್ನೋದು, ತಪ್ಪು ಮಾಡಕ್ಕೆ ಹೋದ ಕೈನ ಹಿಂದಕ್ಕೆ ಎಳ್ಕೊಳ್ಳೋದು, ಇದೆಲ್ಲ ನಡೆಯೋದು ಈ ಜಾಗದಲ್ಲಿ. ಆ ಜಾಗ ಸಾಯ್ತಾ ಐತಮ್ಮ. ನಾಲ್ಕೈದು ವರ್ಷದಿಂದ.’

‘ಹಂಗಾದ್ರೆ ಅವ್ರು ಬೇಕು ಅಂತ...’ ಕರಿಬಸಮ್ಮನ ಮಾತು ಅಲ್ಲಿಗೇ ನಿಂತಿತು.

‘ಬೇಕು ಅಂತ ಮಾಡೋದಕ್ಕೂ ಆ ಜಾಗ ಬೇಕು.’

ವಾಸಿಯಾಗುತ್ತದೆಯೇ ಎಂದು ಸಿಂಚನಾ ಕೇಳಿದಳು. ಇಲ್ಲ ಎಂದರು. ಮರಗಟ್ಟಿಸಿದ ಮಾತ್ರೆ ಬೇಡ, ಚಡಪಡಿಕೆ ಹೆಚ್ಚಿಸಿದ ಮರೆವಿನ ಮಾತ್ರೆಯೂ ಬೇಡ ಎಂದು ಎರಡನ್ನೂ ಬಿಡಿಸುವ ಕ್ರಮ ಹೇಳಿದರು. ಹಿಂದಿನ ಭಾಗ ಇನ್ನೂ ಚೆನ್ನಾಗಿದೆ, ಕಣ್ಣು ಮತ್ತು ಕೈಗೆ ರೂಢಿಯಿರುವ ಕೆಲಸ ಉಳಿದಿದೆ, ಅದನ್ನೇ ಹಿಡಿದುಕೊಂಡು ದಿನ ಕಳೆಯುವಂತೆ ಮಾಡಿ ಎಂದರು. ಕಡೆಗೆ, ‘ಅವ್ರ ಮೇಲೆ ಕೋಪ ಮಾಡ್ಕೋಬೇಡಿ. ಅವ್ರಿಂದ ಪ್ರೀತಿ ಬರ್ತದೆ ಅಂತಾನೂ ಕಾಯ್ಬೇಡಿ. ಎರಡನೇದು ಜಾಸ್ತಿ ಕಷ್ಟ’ ಎಂದರು.

ಮನೆಗೆ ಬಂದೊಡನೆ ಸಿಂಚನಾ ಅಪ್ಪನ ಮುಂದೆ ಮಂಡಿಯೂರಿ ಅವನ ಎರಡೂ ಕೈ ಹಿಡಿದುಕೊಂಡಳು. ‘ಅಪ್ಪಾ, ನನಗೆ ಗೊತ್ತಾಗ್ಲಿಲ್ಲ ಕಣಪ್ಪ. ನಾನು ಏನೇನೋ ಅಂದ್ಬಿಟ್ಟೆ. ನೀನು ತಾತ ಆಗ್ತಾ ಇದೀಯ, ಗೊತ್ತಾ?’ ಎಂದು ಗೋಳೋ ಎಂದು ಅತ್ತಳು. ಅವನು ಅವಳ ತಲೆಯ ಮೇಲಿಂದ ಅಡುಗೆಮನೆಯ ಕಡೆ ನೋಡಿದ. ‘ಬಿಸ್ಕತ್ ಐತಾ?’ ಎಂದ.

ಕರಿಬಸಮ್ಮನೇ ಬಿಸ್ಕತ್ ತಂದುಕೊಟ್ಟಳು. ಅವನ ಮೊಣಕೈ ಹತ್ತಿರ ಒಂದು ಹಳೆಯ ಕಲೆ ಇತ್ತು, ಸ್ಕೇಲಿನ ಚೂರು ಸೀಳಿದ್ದು. ಅವಳು ಅದರ ಮೇಲೆ ಬೆರಳಿಟ್ಟಳು. ಅವನು ಬಿಸ್ಕತ್ ತಿನ್ನುವುದಕ್ಕೆ ಅಡ್ಡಿಯೆಂದು ಕೈ ಕೊಡವಿಕೊಂಡ.

ಮಾತ್ರೆ ಬಿಟ್ಟ ಮೇಲೆ ಅವನ ಕಾಲು ಸಡಿಲವಾದವು, ಜೊಲ್ಲು ನಿಂತಿತು. ಕರಿಬಸಮ್ಮ ಸೂಜಿ ತೆಗೆದ ಹೊಲಿಗೆ ಮಿಷನ್ನನ್ನು ಅವನ ಮುಂದಿಟ್ಟಳು. ತುಂಡು ಬಟ್ಟೆ ಕೈಗೆ ಕೊಟ್ಟರೆ ಅವನು ಗಂಟೆಗಟ್ಟಲೆ ಪೆಡಲ್ ತುಳಿಯುತ್ತ, ದಾರವಿಲ್ಲದ ಹೊಲಿಗೆಯನ್ನು ನೆಟ್ಟಗೆ ಹೊಡೆಯುತ್ತಿದ್ದ. ಸಿಹಿಯನ್ನು ಬೀಗ ಹಾಕಿಟ್ಟು ಹೊತ್ತು ಹೊತ್ತಿಗೆ ಇಷ್ಟಿಷ್ಟೇ ಕೊಟ್ಟಳು. ಬೀದಿಗೆ ಬಿಡಲಿಲ್ಲ. ಯಾವಾಗಿನಿಂದಲೋ ಅವಳು ‘ರೀ’ ಅನ್ನುವುದು ಬಿಟ್ಟು ‘ಬಾರಪ್ಪ, ಉಣ್ಣಪ್ಪ’ ಅನ್ನತೊಡಗಿದ್ದಳು. ಅದು ಅವಳಿಗೇ ಅರಿವಾದ ದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗಂಡ ಸತ್ತವರ ಮನೆಗೆ ಜನ ಬರುತ್ತಾರೆ, ಜೊತೆಗೆ ಕೂತು ಅಳುತ್ತಾರೆ. ಇವಳ ಮನೆಗೆ ಯಾರು ಬರಬೇಕು, ಏನೆಂದು ಬರಬೇಕು? ಒಳಗೆ ಮಿಷನ್ನಿನ ಸದ್ದು ಕೇಳುತ್ತಲೇ ಇತ್ತು.

ಒಂದು ಭಾನುವಾರ ಸಿಂಚನಾಳನ್ನು ಮನೆಯಲ್ಲಿ ಬಿಟ್ಟು ಅವಳು ಕುಣಿಗಲ್ ಬಸ್ಸು ಹತ್ತಿದಳು. ನಂದಿತಾಳ ಮನೆ ಹುಡುಕಿಕೊಂಡು ಹೋದಾಗ, ಬಾಗಿಲು ತೆರೆದ ನಂದಿತಾ ಕಂಬದ ಹಾಗೆ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕರೆದಳು. ಕರಿಬಸಮ್ಮ ಡಾಕ್ಟರು ಹೇಳಿದ್ದೆಲ್ಲವನ್ನೂ ತನಗೆ ತಿಳಿದ ಮಾತಿನಲ್ಲಿ ಹೇಳಿದಳು.

‘ಕ್ಷಮಿಸು ಅಂತ ಕೇಳಕ್ಕೆ ಬಂದಿಲ್ಲ ಕಣವ್ವ. ನಿನಗೆ ಗೊತ್ತಿರ್ಲಿ ಅಂತ ಬಂದೆ’ ಎಂದಳು.

ನಂದಿತಾ ಸೆರಗನ್ನು ಕತ್ತಿನವರೆಗೆ ಎಳೆದುಕೊಂಡಳು. ‘ಪ್ರಭು ಮಾಮ ಅಂಥೋರಲ್ಲ ಅಂತ ನನಗೆ ಗೊತ್ತಿತ್ತು ಅತ್ತೆ. ಅದಕ್ಕೇ ನನಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ. ಬೇರೆ ಯಾವನೋ ಆಗಿದ್ರೆ ಒಂದು ಬಾರಿಸಿ ಮರ್ತುಬಿಡ್ತಿದ್ದೆ. ಇವಾಗ ಕಾಯಿಲೆ ಅಂತೀರ. ನಂಬ್ತೀನಿ. ಆದ್ರೂ ಇವತ್ತಿಗೂ ಯಾರಾದ್ರೂ ಹಿಂದಿಂದ ಬಂದ್ರೆ ನನ್ನ ಮೈ ನಡುಗ್ತದೆ. ಅದನ್ನ ಯಾವ ಸ್ಕ್ಯಾನಲ್ಲಿ ನೋಡ್ತಾರೆ ಹೇಳಿ?’

ಇಬ್ಬರ ಕಣ್ಣಲ್ಲೂ ನೀರಿತ್ತು. ಕಾಫಿ ಮಾಡಿಕೊಟ್ಟಳು ನಂದಿತಾ, ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಮತ್ತೆ ಬನ್ನಿ ಅನ್ನಲಿಲ್ಲ.

ಸಿಂಚನಾಳಿಗೆ ಹೆಣ್ಣು ಮಗುವಾಯಿತು. ತೊಡೆಯ ಮೇಲೆ ಮಲಗಿಸಿದರೆ ಪ್ರಭುದೇವ ಅದರ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ, ಮಗುವನ್ನು ನೋಡಲಿಲ್ಲ. ಮಾತು ಒಂದೊಂದೇ ಕಳಚಿ, ಕೊನೆಗೆ ಯಾವುದೂ ಉಳಿಯಲಿಲ್ಲ. ಪೆಡಲ್ ತುಳಿಯುವುದೂ ನಿಂತಿತು. ನುಂಗಿದ್ದು ಗಂಟಲಲ್ಲಿ ತಪ್ಪು ದಾರಿ ಹಿಡಿದು ಎದೆಯಲ್ಲಿ ಸೋಂಕಾಗಿ, ಕಾರ್ತಿಕದ ಒಂದು ಬೆಳಿಗ್ಗೆ ತೀರಿಕೊಂಡ. ಗುಬ್ಬಿಯ ಪಕ್ಕದಲ್ಲಿದ್ದ ಅವರ ತುಂಡು ತೋಟದಲ್ಲಿ ಪದ್ಧತಿಯಂತೆ ಕೂರಿಸಿ, ವಿಭೂತಿ ಇಟ್ಟು ಮಣ್ಣು ಮಾಡಿದರು. ಶಿರಾ ಗೇಟಿನಿಂದ ಬಂದವರು ಇಬ್ಬರೋ ಮೂವರೋ. ಸಿಂಚನಾ ಉರುಳಾಡಿ ಅತ್ತಳು. ಕರಿಬಸಮ್ಮನ ಕಣ್ಣಲ್ಲಿ ಹನಿ ನೀರಿಲ್ಲ ಎಂದು ಬಂದವರು ಮಾತಾಡಿಕೊಂಡರು. ಅವಳಿಗೂ ಅದು ಕೇಳಿಸಿತು.

ಆಮೇಲೆ ಅವಳು ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕುವುದು, ಕುಚ್ಚು ಕಟ್ಟುವುದು ಮಾಡಿಕೊಂಡು ಇದ್ದಳು. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿಯವರು ಬಂದಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ, ಅವರಿಂದ ವಿಳಾಸ ಕೇಳಿಕೊಂಡು, ಬೆವರು ಒರೆಸಿಕೊಳ್ಳುತ್ತ ವಯಸ್ಸಾದ ಹೆಂಗಸೊಬ್ಬಳು ಬಂದಳು. ದೊಡ್ಡಗಂಗಮ್ಮ ಎಂದು ಹೆಸರು, ದೇವರಾಯನದುರ್ಗದ ತಪ್ಪಲಿನ ಹಳ್ಳಿಯವಳು. ಕೈಯಲ್ಲಿ ರವಿಕೆ ಕಣ.

‘ಟೈಲರಪ್ಪ ಅವ್ರಾ? ಮೊಮ್ಮಗನ ಮದ್ವೆ ಐತೆ. ಕುಬುಸ ಅವ್ರ ಕೈಲೇ ಹೊಲಿಸ್ಬೇಕು ಅಂತ ಬಂದೆ. ನಾನು ಪ್ಯಾಟೆ ಕಡೆ ಬಂದೇ ಹತ್ತು ವರ್ಷದ ಮೇಲಾಯ್ತು.’

ಕರಿಬಸಮ್ಮ ಕುಡಿಯಲು ನೀರು ಕೊಟ್ಟಳು. ಹೇಳುವುದು ಹೇಗೆಂದು ಯೋಚಿಸುವಷ್ಟರಲ್ಲಿ ಮುದುಕಿಯೇ ದನಿ ತಗ್ಗಿಸಿದಳು.

‘ನಿನ್ಹತ್ರ ಏನ್ ನಾಚ್ಕೆ ಬುಡು. ನನಗೆ ಕ್ಯಾನ್ಸರ್ ಆಗಿ ಈ ಕಡೆ ಎದೆ ತೆಗ್ದವ್ರೆ. ಆಗ ಬಟ್ಟೆ ಉಂಡೆ ಕಟ್ಟಿ ಒಳಗೆ ತುರುಕ್ಕೊಂಡು ಓಡಾಡ್ತಿದ್ದೆ. ಅಳತೆಗೆ ಅಂತ ಅದೇ ಹಳೇ ಕುಬುಸ ಕೊಟ್ಟು ಹೋದೆ, ಬಾಯಿ ಬಿಟ್ಟು ಏನೂ ಹೇಳ್ಲಿಲ್ಲ. ನೀನು ಅವತ್ತು ಅಂಗಡೀಲಿರ್ಲಿಲ್ಲ. ಹೊಲ್ದಿದ್ದು ಇಸ್ಕೊಳ್ಳಕ್ಕೆ ಬಂದ್ರೆ, ಆ ಕಡೆ ಒಳಗೆ ಒಂದು ಚೀಲದಂಗೆ ಮಾಡಿ ಮೆತ್ತಗೆ ಹತ್ತಿ ಇಟ್ಟವ್ರೆ. ನೆಲ ನೋಡ್ಕೊಂಡು, ಒಗೆಯೋವಾಗ ಹತ್ತಿ ತೆಗೀಬಹುದು ತಾಯಿ, ಅಂದ್ರು. ಅಷ್ಟೇ ಅಂದಿದ್ದು. ಹಾಕ್ಕೊಂಡು ಕನ್ನಡಿ ಮುಂದೆ ನಿಂತಾಗ ನಾನು ಮತ್ತೆ ಹೆಂಗಸಾದೆ ಕಣವ್ವ. ನಿನಗೆ ಹೇಳವ್ರಲ್ಲ?’

ಇಲ್ಲ, ಹೇಳಿರಲಿಲ್ಲ. ಒಂದು ದಿನವೂ ಹೇಳಿರಲಿಲ್ಲ. ಬೀದಿಯ ಏಟು, ಜೊಲ್ಲು, ನೀಲಿಗಟ್ಟಿದ ಆ ಚಿತ್ರ, ಇವೆಲ್ಲದರ ಆಚೆ ಎಲ್ಲೋ ನೆಲ ನೋಡಿಕೊಂಡು ನಿಂತಿದ್ದ ತನ್ನ ಗಂಡನನ್ನು ಕರಿಬಸಮ್ಮ ಎಷ್ಟೋ ವರ್ಷಗಳ ಮೇಲೆ ಕಂಡಳು. ‘ಹೋಗ್ಬಿಟ್ರು ತಾಯಿ’ ಎಂದಳು. ಮಣ್ಣು ಮಾಡಿದ ದಿನ ಬಾರದ ಅಳು ಹೊಟ್ಟೆಯಾಳದಿಂದ ಕಿತ್ತುಕೊಂಡು ಬಂತು.

ದೊಡ್ಡಗಂಗಮ್ಮ ಕಣವನ್ನು ಕೆಳಗಿಟ್ಟು ಅವಳನ್ನು ಎಳೆದು ಭುಜಕ್ಕೆ ಒರಗಿಸಿಕೊಂಡಳು. ‘ಅಯ್ಯೋ ಶಿವನೇ. ಯಾವಾಗವ್ವ? ಯಾವಾಗ ಹೋದ್ರು?’

ಕಾರ್ತಿಕದ ಆ ಬೆಳಿಗ್ಗೆಯೋ, ಪೂಜೆ ಮಾಡದೆ ಹೊರಟ ಆ ದಿನವೋ, ಯಾವಾಗ ಎಂದು ಹೇಳಲು ಕರಿಬಸಮ್ಮನಿಗೆ ಆಗಲಿಲ್ಲ.